ಚೀಲದ ಮೇಲೆ ನಾರು ಶೇ. 10 ಅಂತ ಬರೆದಿದೆ, ಆದರೂ ಮರಿಗಳ ಹಿಕ್ಕೆ ಕಟ್ಟುತ್ತಿಲ್ಲ

ಹೊಸಹಟ್ಟಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂಬತ್ತು ಮೇಕೆ ಮರಿಗಳಿವೆ. ಎಲ್ಲಕ್ಕೂ ನಾಲ್ಕು ತಿಂಗಳ ಆಸುಪಾಸು, ತೂಕ ಸುಮಾರು 14 ಕೆಜಿ. ಹಾಲು ಬಿಡಿಸಿ ಐದು ವಾರ ಆಯಿತು. ಒಂದೊಂದಕ್ಕೆ ದಿನಕ್ಕೆ 350 ಗ್ರಾಂ ಕೈತಿಂಡಿ (ಚೀಲದಲ್ಲಿ ಬರುವ ಕಾಳಿನ ಮಿಶ್ರಣ) ಕೊಡುತ್ತೇನೆ, ಎರಡು ಹೊತ್ತಿಗೆ ಹಂಚಿ. ಜೊತೆಗೆ ಒಣಮೇವು, ತಿಂದಷ್ಟು.

ಮೊದಲು ಚೆನ್ನಾಗೇ ಇದ್ದವು. ಮೂರು ವಾರದಿಂದ ನಾಲ್ಕು ಮರಿಗಳ ಹಿಕ್ಕೆ ಕಟ್ಟುತ್ತಿಲ್ಲ. ಕಾಳಿನ ಹಾಗೆ ಬೀಳಬೇಕಾದದ್ದು ಅಂಟಿಕೊಂಡು ಮುದ್ದೆಯಾಗಿ ಬೀಳುತ್ತದೆ. ನೀರು ನೀರಾಗಿ ಭೇದಿಯೇನೂ ಇಲ್ಲ. ತೂಕ ಮಾತ್ರ ನಿಂತಲ್ಲೇ ನಿಂತಿದೆ. ಒಂದು ದಿನ ಗಬಗಬ ತಿನ್ನುತ್ತವೆ, ಮರುದಿನ ಮೂಸಿ ನೋಡಿ ಹಿಂದೆ ಸರಿಯುತ್ತವೆ.

ನಾರು ಸಾಲುತ್ತಿಲ್ಲ ಅಂತ ಒಬ್ಬರು ಹೇಳಿದರು. ಆದರೆ ಚೀಲದ ಮೇಲೆ ಕಚ್ಚಾ ನಾರು ಶೇ. 10 ಅಂತ ಇದೆ. ಒಣಮೇವಂತೂ ಪೂರ್ತಿ ನಾರೇ ಅಲ್ವಾ? ಇನ್ನೆಷ್ಟು ಬೇಕು?

ಹೋತದಗಡ್ಡ:
ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ನಿಮ್ಮವು ಚೀಲ ಓದಿಕೊಂಡು ತಿನ್ನುತ್ತವೇನೋ.

ಲೆಕ್ಕಾಚಾರಿ:
ಚೀಲ ಇನ್ನೊಮ್ಮೆ ನೋಡಿ. ‘ಗರಿಷ್ಠ’ ಅಂತ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಪ್ರೋಟೀನಿಗೆ ‘ಕನಿಷ್ಠ’ ಬರೆಯುತ್ತಾರೆ, ನಾರಿಗೆ ‘ಗರಿಷ್ಠ’. ಅಂದರೆ 10ಕ್ಕಿಂತ ಜಾಸ್ತಿ ಇಲ್ಲ ಅಂತ ಭರವಸೆ. ಅಷ್ಟು ಇದ್ದೇ ಇದೆ ಅಂತ ಅಲ್ಲ.

ಇನ್ನೊಂದು, ಕಚ್ಚಾ ನಾರು ಅನ್ನುವುದೇ ಹಳೇ ಅಳತೆ. 1860ರ ದಶಕದಲ್ಲಿ ಜರ್ಮನಿಯ ವೀಂಡೆ ಪ್ರಯೋಗ ಕೇಂದ್ರದಲ್ಲಿ ಶುರುವಾದದ್ದು. ಮೇವನ್ನು ಆಮ್ಲದಲ್ಲಿ ಕುದಿಸಿ, ಆಮೇಲೆ ಕ್ಷಾರದಲ್ಲಿ ಕುದಿಸಿ, ಉಳಿದದ್ದು ನಾರು ಅಂತ ಲೆಕ್ಕ. ಕುದಿಸುವಾಗ ನಾರಿನದೇ ಒಂದು ಭಾಗವಾದ ಹೆಮಿಸೆಲ್ಯುಲೋಸ್ ಬಹುಪಾಲು ಕರಗಿ ಹೋಗುತ್ತದೆ. ಗಿಡಕ್ಕೆ ಗಡಸು ಕೊಡುವ ಲಿಗ್ನಿನ್ ಕೂಡ ಒಂದಷ್ಟು ಹೋಗುತ್ತದೆ. ಈಗ ಎನ್‌ಡಿಎಫ್ (ನ್ಯೂಟ್ರಲ್ ಡಿಟರ್ಜೆಂಟ್ ಫೈಬರ್) ಅನ್ನುವ ಅಳತೆ ನೋಡಬೇಕು. ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಮೂರೂ ಅದರಲ್ಲಿ ಸೇರುತ್ತವೆ. 1960ರ ದಶಕದಲ್ಲಿ ವ್ಯಾನ್ ಸೋಯೆಸ್ಟ್ ಅಂತ ಅಮೆರಿಕದ ವಿಜ್ಞಾನಿ ರೂಪಿಸಿದ ವಿಧಾನ ಅದು.

ಪಶುವೈದ್ಯೆ_ರಾತ್ರಿಪಾಳಿ:
ಅಂಕಿ ಆಮೇಲೆ ನೋಡೋಣ. ಹೊಸಹಟ್ಟಿಯವರೇ, ನಾಲ್ಕು ಪ್ರಶ್ನೆ.
ಮೇವನ್ನು ಹೇಗೆ ಹಾಕುತ್ತೀರಿ, ಉದ್ದಕ್ಕಾ, ಕತ್ತರಿಸಿಯಾ?
ಮರಿಗಳು ಮಲಗಿದ್ದಾಗ ಮೆಲುಕು ಹಾಕುವುದನ್ನು ಈಚೆಗೆ ನೋಡಿದ್ದೀರಾ?
ಕರುಳು ಬೇನೆಯ ಲಸಿಕೆ ಆಗಿದೆಯಾ?
ಹಿಕ್ಕೆ ಪರೀಕ್ಷೆ ಮಾಡಿಸಿದ್ದೀರಾ?

ಹೊಸಹಟ್ಟಿ:
ಲಸಿಕೆ ಆಗಿದೆ ಮೇಡಂ, ಎರಡು ಡೋಸ್. ಪರೀಕ್ಷೆ ಮಾಡಿಸಿಲ್ಲ. ಮೆಲುಕು… ನೀವು ಕೇಳಿದ ಮೇಲೆ ಈಗ ಹೋಗಿ ಅರ್ಧ ಗಂಟೆ ಕೂತು ನೋಡಿದೆ. ಒಂಬತ್ತರಲ್ಲಿ ಒಂದೇ ಒಂದು ಬಾಯಾಡಿಸುತ್ತಿತ್ತು.

ಮೇವನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತೇನೆ. ಮುಂಚೆ ಉದ್ದಕ್ಕೇ ಹಾಕುತ್ತಿದ್ದೆ. ಎಲೆ ಆರಿಸಿ ತಿಂದು ಕಡ್ಡಿಯೆಲ್ಲ ತುಳಿದು ಹಾಳು ಮಾಡುತ್ತಿದ್ದವು. ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಯಂತ್ರ ತಂದು, ಸಣ್ಣ ಜರಡಿ ಹಾಕಿ, ಹಿಟ್ಟಿನ ಹಾಗೆ ಮಾಡಿ ಕೈತಿಂಡಿ ಜೊತೆ ಕಲಸಿ ಕೊಡುತ್ತಿದ್ದೇನೆ. ಈಗ ಗೋದಲಿ ನೆಕ್ಕಿದ ಹಾಗೆ ಖಾಲಿ.

ಹಳೇಕೋಲು:
ಯಂತ್ರ ತಂದು ಎಷ್ಟು ದಿನ ಆಯಿತು?

ಹೊಸಹಟ್ಟಿ:
ಒಂದು ತಿಂಗಳು. ಓಹ್.

ಹಳೇಕೋಲು:
ಮತ್ತೆ ಇನ್ನೇನು. ಮೇಕೆಗೆ ನಾಲ್ಕು ಹೊಟ್ಟೆ ಇರುವುದು ಹಿಟ್ಟು ತಿನ್ನಲಿಕ್ಕಲ್ಲ. ಅಗಿಯುವ ಕೆಲಸವನ್ನು ನೀವು ಯಂತ್ರಕ್ಕೆ ಕೊಟ್ಟಿದ್ದೀರಿ. ಅದು ಮರಿ ಮಾಡಬೇಕಾದ ಕೆಲಸ.

ಉಂಡೆಮೇವು:
ಇದನ್ನು ಒಪ್ಪಲ್ಲ. ನಾನು ಎರಡು ವರ್ಷದಿಂದ ಎಲ್ಲ ಸೇರಿಸಿದ ಉಂಡೆಮೇವು ಹಾಕುತ್ತಿದ್ದೇನೆ. ಅದರಲ್ಲೂ ಮೇವು ಪುಡಿಯಾಗೇ ಇರುತ್ತದೆ. ಮರಿಗಳು ಚೆನ್ನಾಗಿ ಬೆಳೆಯುತ್ತಿವೆ. ಪುಡಿ ಮಾಡಿದರೆ ಸೂಕ್ಷ್ಮಜೀವಿಗಳಿಗೆ ಅಂಟಿಕೊಳ್ಳಲು ಜಾಗ ಜಾಸ್ತಿ ಸಿಗುತ್ತದೆ, ಜೀರ್ಣ ಬೇಗ ಆಗುತ್ತದೆ. ಇದು ಸಾಮಾನ್ಯ ತರ್ಕ.

ಲೆಕ್ಕಾಚಾರಿ:
ಕೂತು ಲೆಕ್ಕ ಹಾಕಿದೆ. 14 ಕೆಜಿ ಮರಿ ತೂಕದ ಶೇ. 3.5ರಷ್ಟು ಒಣ ಆಹಾರ ತಿನ್ನುತ್ತದೆ ಅಂತ ಇಟ್ಟುಕೊಂಡರೆ ದಿನಕ್ಕೆ 490 ಗ್ರಾಂ. ಕೈತಿಂಡಿ 350 ಗ್ರಾಂನಲ್ಲಿ ತೇವ ಕಳೆದರೆ 315. ಮಿಕ್ಕ 175 ಗ್ರಾಂ ಮೇವು. ಕೈತಿಂಡಿಯ ಎನ್‌ಡಿಎಫ್ ಶೇ. 25, ಒಣಮೇವಿನದು ಶೇ. 65 ಅಂತ ಹಿಡಿದರೆ, 79 ಮತ್ತು 114, ಒಟ್ಟು 193 ಗ್ರಾಂ. ಅಂದರೆ ಶೇ. 39.

ಬೆಳೆಯುವ ಮರಿಗೆ ಈ ಅಂಕಿ ಕಮ್ಮಿಯೇನಲ್ಲ. ಕಾಗದದ ಮೇಲೆ ಎಲ್ಲ ಸರಿಯಾಗೇ ಇದೆ. ನನಗೇ ಸ್ವಲ್ಪ ಮುಜುಗರ ಆಗುತ್ತಿದೆ. ಮೂರರಲ್ಲಿ ಎರಡು ಪಾಲು ಕೈತಿಂಡಿ ಅನ್ನುವುದು ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಪಶುವೈದ್ಯೆ_ರಾತ್ರಿಪಾಳಿ:
ಮುಜುಗರ ಬೇಡ, ಆ ಲೆಕ್ಕದಿಂದಲೇ ವಿಷಯ ಸ್ಪಷ್ಟ ಆಯಿತು. ನಾರಿನ ತೂಕ ಇದೆ, ನಾರಿನ ಉದ್ದ ಇಲ್ಲ. ಹೊಟ್ಟೆಗೆ ಎರಡೂ ಬೇಕು.

ಉದ್ದದ ನಾರು ದೊಡ್ಡ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಚಾಪೆಯ ಹಾಗೆ ಮೇಲೆ ತೇಲುತ್ತದೆ. ಗೋಡೆಗೆ ಉಜ್ಜುತ್ತದೆ. ಆ ಉಜ್ಜುವಿಕೆಯೇ ಮೆಲುಕಿಗೆ ಕರೆ. ಮೆಲುಕು ಹಾಕಿದಾಗ ಜೊಲ್ಲು ಹರಿಯುತ್ತದೆ, ಜೊಲ್ಲಿನಲ್ಲಿ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾದಲ್ಲಿರುವ ಕ್ಷಾರ, ಇರುತ್ತದೆ. ಹೊಟ್ಟೆಯಲ್ಲಿ ಕಾಳು ಹುಳಿತು ಹುಟ್ಟುವ ಆಮ್ಲವನ್ನು ಅದು ಹದಕ್ಕೆ ತರುತ್ತದೆ. ಚೆನ್ನಾಗಿ ಮೇವು ತಿನ್ನುವ ಮೇಕೆ ದಿನಕ್ಕೆ ಆರೇಳು ಗಂಟೆ ಮೆಲುಕು ಹಾಕುತ್ತದೆ. ನಿಮ್ಮ ಮರಿಗಳಿಗೆ ಮೆಲುಕು ಹಾಕಲು ಏನೂ ಇಲ್ಲ. ಹಿಟ್ಟನ್ನು ಮತ್ತೆ ಬಾಯಿಗೆ ತಂದು ಏನು ಅಗಿಯಬೇಕು?

ಜೊಲ್ಲು ಕಮ್ಮಿಯಾದರೆ ಪಿಹೆಚ್ ಇಳಿಯುತ್ತದೆ, ಅಂದರೆ ಹುಳಿ ಏರುತ್ತದೆ. ನಾರು ಒಡೆಯುವ ಬ್ಯಾಕ್ಟೀರಿಯಾ ತುಂಬ ನಾಜೂಕು. ಪಿಹೆಚ್ 6ರ ಕೆಳಗೆ ಹೋದರೆ ಕೆಲಸ ನಿಲ್ಲಿಸಿ ಕೂರುತ್ತವೆ. ಪಿಷ್ಟ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಆ ಹುಳಿ ಏನೂ ಮಾಡಲ್ಲ. ಅವು ಇನ್ನೂ ಆಮ್ಲ ಮಾಡುತ್ತವೆ. ಹೀಗೆ ನಾರು ಹಾಕಿದ್ದೀರಿ, ಆದರೆ ಅದನ್ನು ಕರಗಿಸುವವರೇ ಇಲ್ಲ. ಒಂದು ದಿನ ತಿನ್ನುವುದು, ಒಂದು ದಿನ ಬಿಡುವುದು ಇದರದೇ ಲಕ್ಷಣ. ಹುಳಿ ಜಾಸ್ತಿಯಾದಾಗ ಮರಿಗೆ ಹೊಟ್ಟೆ ಸರಿಯಿರಲ್ಲ, ತಿನ್ನಲ್ಲ. ತಿನ್ನದೇ ಇದ್ದಾಗ ಹುಳಿ ಇಳಿಯುತ್ತದೆ, ಹಸಿವಾಗುತ್ತದೆ, ಮತ್ತೆ ಗಬಗಬ.

ಉಂಡೆಮೇವು ಅವರೇ, ಪುಡಿ ಮಾಡಿದರೆ ಅಂಟಿಕೊಳ್ಳಲು ಜಾಗ ಜಾಸ್ತಿ ಅನ್ನುವುದು ನಿಜ. ಆದರೆ ರೂಮೆನ್‌ನಿಂದ ಮುಂದಕ್ಕೆ ಹೋಗಲು ತುಣುಕು 1 ಮಿಲಿಮೀಟರ್ ಆಸುಪಾಸಿಗೆ ಇಳಿಯಬೇಕು. ನೀವು ಮೊದಲೇ ಅಷ್ಟು ಸಣ್ಣ ಮಾಡಿಬಿಟ್ಟರೆ ಅದು ನಿಲ್ಲುವುದೇ ಇಲ್ಲ. ನಾರು ಕರಗಲು ಹೊತ್ತು ಬೇಕು. ಆ ಹೊತ್ತು ಸಿಗುವ ಮುಂಚೆಯೇ ಮುಂದಕ್ಕೆ ಜಾರಿ ಹೋಗುತ್ತದೆ. ತಿನ್ನುವುದು ಜಾಸ್ತಿ, ಕರಗುವುದು ಕಮ್ಮಿ. ಅದಕ್ಕೇ ಹಿಕ್ಕೆ ಮುದ್ದೆ.

ಉಂಡೆಮೇವು:
ಹಾಗಾದರೆ ನನ್ನ ಮರಿಗಳಿಗೆ ಯಾಕೆ ಏನೂ ಆಗಿಲ್ಲ?

ಹಳೇಕೋಲು:
ಅವು ಉಂಡೆ ಬಿಟ್ಟು ಬೇರೇನೂ ತಿನ್ನುವುದಿಲ್ಲವಾ? ನಿಜ ಹೇಳಿ.

ಉಂಡೆಮೇವು:
ಸಂಜೆ ಒಂದು ಸುತ್ತು ಹೊರಗೆ ಬಿಡುತ್ತೇನೆ. ಬೇಲಿ ಸೊಪ್ಪು ಕಿತ್ತು ತಿನ್ನುತ್ತವೆ.

ಹಳೇಕೋಲು:
😄

ಉಂಡೆಮೇವು:
ಎರಡು ಗಂಟೆ ಅಷ್ಟೇ!

ಹೋತದಗಡ್ಡ:
ಎರಡು ಗಂಟೆಯಲ್ಲಿ ಮೇಕೆ ಒಂದು ತೋಟ ಮುಗಿಸುತ್ತದೆ ಸ್ವಾಮಿ.

ಹನ್ನೆರಡುಮರಿ:
ಇದನ್ನು ಓದಿ ಎಲ್ಲರೂ ‘ನಾರು ಸುರಿ’ ಅಂತ ಹೊರಡಬೇಡಿ, ನನ್ನ ಕಥೆ ಕೇಳಿ. ನಾನು ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಮೊದಲ ವರ್ಷ ಕಾಳು ಹಾಕಿದರೆ ಹೊಟ್ಟೆ ಉಬ್ಬರ ಬರುತ್ತದೆ ಅಂತ ಯಾರೋ ಹೆದರಿಸಿದರು. ಬರೀ ಒಣ ಹುಲ್ಲು, ಬಲಿತ ಕಡ್ಡಿಮೇವು ಹಾಕಿದೆ. ಎಷ್ಟು ಬೇಕೋ ಅಷ್ಟು. ಮರಿಗಳ ಹೊಟ್ಟೆ ನೋಡಬೇಕಿತ್ತು, ಡೋಲಿನ ಹಾಗೆ. ನೋಡಿದವರೆಲ್ಲ ‘ಚೆನ್ನಾಗಿ ಮೇಯಿಸಿದ್ದೀಯ ಅಕ್ಕ’ ಅನ್ನುತ್ತಿದ್ದರು. ನನಗೂ ಹೆಮ್ಮೆ. ಒಂದು ದಿನ ಮರಿಯೊಂದನ್ನು ಎತ್ತಿಕೊಳ್ಳಲು ಹೋಗಿ ಬೆನ್ನ ಮೇಲೆ ಕೈ ಇಟ್ಟೆ. ಗರಗಸ. ಒಂದೊಂದು ಮೂಳೆ ಎಣಿಸಬಹುದಿತ್ತು.

ಜಂತು ಅಂದುಕೊಂಡು ಎರಡು ಸಲ ಔಷಧ ಹಾಕಿದೆ. ಏನೂ ಬದಲಾಗಲಿಲ್ಲ. ಆಮೇಲೆ ಗೊತ್ತಾಯಿತು, ಹೊಟ್ಟೆ ತುಂಬಿದೆ, ಆದರೆ ಅದು ಖಾಲಿಯಾಗುತ್ತಿಲ್ಲ. ಹಿಂದಿನದು ಕರಗದೆ ಹೊಸದಕ್ಕೆ ಜಾಗ ಇಲ್ಲ. ಮರಿ ಹಸಿದುಕೊಂಡೇ ಹೊಟ್ಟೆ ತುಂಬಿಸಿಕೊಂಡು ನಿಂತಿತ್ತು.

ಪಶುವೈದ್ಯೆ_ರಾತ್ರಿಪಾಳಿ:
ಹನ್ನೆರಡುಮರಿ ಅಕ್ಕ ಹೇಳಿದ್ದು ದಿನಾ ನೋಡುವ ಕೇಸ್. ಇಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಒಂದು, ಬಲಿತ ಕಡ್ಡಿಯಲ್ಲಿ ಲಿಗ್ನಿನ್ ಜಾಸ್ತಿ. ಲಿಗ್ನಿನ್ ಅನ್ನು ರೂಮೆನ್ ಬ್ಯಾಕ್ಟೀರಿಯಾ ಕರಗಿಸಲಾರವು. ಅದು ಸೆಲ್ಯುಲೋಸ್ ಸುತ್ತ ಗೋಡೆ ಕಟ್ಟಿದ ಹಾಗೆ ಇರುತ್ತದೆ. ಎರಡು, ಹುಲ್ಲಿನಲ್ಲಿ ಪ್ರೋಟೀನ್ ಶೇ. 3–4 ಅಷ್ಟೇ. ಒಟ್ಟು ಆಹಾರದಲ್ಲಿ ಶೇ. 7ರಷ್ಟಾದರೂ ಇಲ್ಲದಿದ್ದರೆ ಸೂಕ್ಷ್ಮಜೀವಿಗಳೇ ಉಪವಾಸ. ಅವು ಬೆಳೆಯದಿದ್ದರೆ ನಾರು ಒಡೆಯುವವರು ಯಾರು? ಆ 7 ಕೂಡ ಸೂಕ್ಷ್ಮಜೀವಿಗಳನ್ನು ಬದುಕಿಸಲು ಮಾತ್ರ. ಮರಿ ಬೆಳೆಯಬೇಕಾದರೆ ಅದರ ಎರಡು ಪಟ್ಟು ಬೇಕಾಗುತ್ತದೆ.

ಹನ್ನೆರಡುಮರಿ:
ಹೌದು ಮೇಡಂ. ಪ್ರೋಟೀನ್ ಇರುವ ಲೂಸರ್ನ್ ಮೇವು ಸೇರಿಸಿದೆ, ಸ್ವಲ್ಪ ಹಿಂಡಿ ಕೊಟ್ಟೆ. ಅದೇ ಹುಲ್ಲನ್ನು ಮುಂಚೆಗಿಂತ ಜಾಸ್ತಿ ತಿನ್ನಲು ಶುರು ಮಾಡಿದವು! ಡೋಲು ಇಳಿಯಿತು, ಬೆನ್ನು ತುಂಬಿತು. ಒಂದು ತಿಂಗಳು ಹಿಡಿಯಿತು ಅಷ್ಟೇ.

ಸುಮ್ನೆಓದುವವ:
ಪ್ರೋಟೀನಿಗೆ ಯೂರಿಯಾ ಹಾಕಿದರೆ ಆಗಲ್ವಾ? ದನಕ್ಕೆ ಹಾಕುತ್ತಾರಲ್ಲ.

ಪಶುವೈದ್ಯೆ_ರಾತ್ರಿಪಾಳಿ:
ಮರಿಗಳಿಗೆ ಬೇಡ. ದಯವಿಟ್ಟು ಬೇಡ. ರೂಮೆನ್ ಪೂರ್ತಿ ಕೆಲಸ ಮಾಡದ ಪ್ರಾಣಿಗೆ ಅದು ವಿಷ. ದೊಡ್ಡವಕ್ಕೂ ಪ್ರಮಾಣ ತಪ್ಪಿದರೆ ಗಂಟೆಗಳಲ್ಲಿ ಸಾಯುತ್ತವೆ.

ಹೋತದಗಡ್ಡ:
ನನ್ನ ಹೋತ ಹೋದ ವಾರ ನನ್ನ ಮಗನ ಲೆಕ್ಕದ ಪುಸ್ತಕ ತಿಂದು ಹಾಕಿತು. ಅರ್ಧ ಅಧ್ಯಾಯ. ಕಾಗದವೂ ನಾರೇ ಅಲ್ವಾ ಮೇಡಂ? ಗಂಭೀರವಾಗಿ ಕೇಳುತ್ತಿದ್ದೇನೆ.

ಲೆಕ್ಕಾಚಾರಿ:
ಗಂಭೀರವಾಗೇ ಉತ್ತರ. ಬಿಳಿ ಕಾಗದ ಬಹುಪಾಲು ಸೆಲ್ಯುಲೋಸ್. ಕಾಗದ ಮಾಡುವಾಗಲೇ ಲಿಗ್ನಿನ್ ತೆಗೆದಿರುತ್ತಾರೆ. ಆದ್ದರಿಂದ ಮೇಕೆ ಹೊಟ್ಟೆಯಲ್ಲಿ ಅದು ಕರಗುತ್ತದೆ. ಸುದ್ದಿಪತ್ರಿಕೆ ಕಾಗದದಲ್ಲಿ ಲಿಗ್ನಿನ್ ಹಾಗೇ ಉಳಿದಿರುತ್ತದೆ, ಅದಕ್ಕೇ ಬಿಸಿಲಿಗೆ ಹಳದಿಯಾಗುತ್ತದೆ. ಅದು ಅಷ್ಟು ಚೆನ್ನಾಗಿ ಕರಗಲ್ಲ. ಎರಡರಲ್ಲೂ ಪ್ರೋಟೀನ್ ಮಾತ್ರ ಇಲ್ಲ.

ಹೋತದಗಡ್ಡ:
ಅಂದರೆ ಮಗನಿಗಿಂತ ಹೋತಕ್ಕೇ ಲೆಕ್ಕ ಚೆನ್ನಾಗಿ ಜೀರ್ಣ ಆಗಿದೆ.

ಉಂಡೆಮೇವು:
ವಿಷಯಕ್ಕೆ ಬನ್ನಿ. ಹುಳಿ ತಾನೇ ತೊಂದರೆ? ಗೋದಲಿ ಪಕ್ಕ ಒಂದು ಬಟ್ಟಲು ಅಡುಗೆ ಸೋಡಾ ಇಡಿ. ಬೇಕಾದಾಗ ನೆಕ್ಕಿಕೊಳ್ಳುತ್ತವೆ. ಯಂತ್ರವನ್ನೇಕೆ ಬಿಸಾಡಬೇಕು?

ಹಳೇಕೋಲು:
ಸೋಡಾ ಇಟ್ಟು ಹಿಟ್ಟು ಹಾಕುವುದು ಅಂದರೆ ಮನೆ ಸೋರುತ್ತಿದೆ ಅಂತ ಪಾತ್ರೆ ಇಟ್ಟ ಹಾಗೆ.

ಉಂಡೆಮೇವು:
ಮಳೆಗಾಲದಲ್ಲಿ ಪಾತ್ರೆಯೂ ಬೇಕಾಗುತ್ತದೆ ಅಜ್ಜ.

ಪಶುವೈದ್ಯೆ_ರಾತ್ರಿಪಾಳಿ:
ಉಂಡೆಮೇವು ಹೇಳಿದ್ದರಲ್ಲೂ ಸ್ವಲ್ಪ ಅರ್ಥ ಇದೆ. ಆದರೆ ಹೋತಮರಿಗಳಿದ್ದರೆ ಹುಷಾರು. ಕಾಳು ಜಾಸ್ತಿ ತಿನ್ನುವ ಗಂಡುಮರಿಗಳಿಗೆ, ಅದರಲ್ಲೂ ಚಿಕ್ಕಂದಿನಲ್ಲೇ ಬೀಜ ಒಡೆದವಕ್ಕೆ, ಮೂತ್ರದ ಕಲ್ಲು ಕಟ್ಟುವ ಭಯ ಇರುತ್ತದೆ. ಕಾಳಿನಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ಕಮ್ಮಿ. ಈ ಜಾತಿಯ ಕಲ್ಲು ಕ್ಷಾರ ಮೂತ್ರದಲ್ಲಿ ಬೇಗ ಕಟ್ಟುತ್ತದೆ, ಸೋಡಾ ಮೂತ್ರವನ್ನು ಇನ್ನೂ ಕ್ಷಾರ ಮಾಡುತ್ತದೆ. ಮೆಲುಕು ಹಾಕಿದರೆ ರಂಜಕ ಜೊಲ್ಲಿನ ಮೂಲಕ ಹೊಟ್ಟೆಗೆ ವಾಪಸ್ ಬಂದು ಹಿಕ್ಕೆಯಲ್ಲಿ ಹೋಗುತ್ತದೆ. ಇಲ್ಲದಿದ್ದರೆ ಮೂತ್ರದ ಕಡೆ ತಿರುಗುತ್ತದೆ. ಉದ್ದದ ಮೇವಿನ ಕೆಲಸ ಎಲ್ಲಿಗೆಲ್ಲ ಮುಟ್ಟುತ್ತದೆ ನೋಡಿ.

ಹೊಸಹಟ್ಟಿ:
ಒಂಬತ್ತರಲ್ಲಿ ಐದು ಗಂಡುಮರಿ. ಸೋಡಾ ಬೇಡ.

ಈಗ ನಾನು ಏನು ಮಾಡಲಿ ಹೇಳಿ. ನಾಳೆಯೇ ಎಲ್ಲ ಬದಲಾಯಿಸಲಾ? ಮೇವು ಬದಲಾಯಿಸಿದರೆ ನಿಧಾನ ಮಾಡಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ.

ಪಶುವೈದ್ಯೆ_ರಾತ್ರಿಪಾಳಿ:
ಕಾಳು ಏರಿಸುವುದು ನಿಧಾನ, 10ರಿಂದ 14 ದಿನ. ಇಳಿಸಲು ಅಷ್ಟು ಕಾಯಬೇಕಿಲ್ಲ. ಕೈತಿಂಡಿಯನ್ನು ನಾಳೆಯಿಂದ 200 ಗ್ರಾಂಗೆ ತನ್ನಿ, ಎರಡರ ಬದಲು ಮೂರು ಹೊತ್ತು ಹಂಚಿ. ಮೇವನ್ನು ಬೇರೆಯೇ ಹಾಕಿ, ಕಲಸಬೇಡಿ. ಬೆಳಿಗ್ಗೆ ಮೊದಲು ಮೇವು, ಒಂದು ಗಂಟೆ ಬಿಟ್ಟು ಕೈತಿಂಡಿ. ಹಸಿದ ಹೊಟ್ಟೆಗೆ ಕಾಳು ಬೀಳಬಾರದು. ಆ ನಾಲ್ಕು ಮರಿಗಳ ಹಿಕ್ಕೆ ಮಾತ್ರ ಪರೀಕ್ಷೆಗೆ ಕೊಡಿ. ಈ ವಯಸ್ಸಿನಲ್ಲಿ ಕಾಕ್ಸಿಡಿಯಾ ಅನ್ನುವ ಕರುಳಿನ ಪರಾವಲಂಬಿಯ ಕಾಟ ಬರುತ್ತದೆ, ಅದೂ ಹೀಗೇ ಕಾಣುತ್ತದೆ. ಎಲ್ಲ ತಪ್ಪನ್ನೂ ಜರಡಿಯ ಮೇಲೆ ಹಾಕುವುದು ಬೇಡ.

ನೀವೇ ನೋಡಬಹುದಾದದ್ದು ಒಂದಿದೆ. ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ ಗುಳಿ ಇರುತ್ತದೆ. ಅಲ್ಲಿ ಮುಷ್ಟಿ ಒತ್ತಿ ಹಿಡಿಯಿರಿ. ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಅಲೆಯ ಹಾಗೆ ಬಂದು ತಳ್ಳಬೇಕು.

ಹೊಸಹಟ್ಟಿ:
ಕಡ್ಡಿ ಬಿಡುತ್ತವಲ್ಲ ಮೇಡಂ, ಅದಕ್ಕೇನು ಮಾಡುವುದು? ಅಲ್ಲಿಂದಲೇ ಇದೆಲ್ಲ ಶುರುವಾದದ್ದು.

ಹಳೇಕೋಲು:
ಬಿಡಲಿ. ಮೇಕೆ ದನ ಅಲ್ಲ. ಗಾದೆ ಏನಾದರೂ ಹೇಳಲಿ, ಆಡು ಎಲ್ಲವನ್ನೂ ಮುಟ್ಟುತ್ತದೆ, ಎಲ್ಲವನ್ನೂ ತಿನ್ನುವುದಿಲ್ಲ. ಆ ತುಟಿ ನೋಡಿ, ಮುಳ್ಳಿನ ಮಧ್ಯದಿಂದ ಒಂದೇ ಎಲೆ ಎಳೆಯುತ್ತದೆ. ಆರಿಸಿ ತಿಂದರೇ ಅದರ ಹೊಟ್ಟೆ ನಡೆಯುವುದು. ದನ ಹುಲ್ಲನ್ನು ಹೊಟ್ಟೆಯಲ್ಲಿ ಇನ್ನೂ ಹೆಚ್ಚು ಹೊತ್ತು ಇಟ್ಟುಕೊಂಡು ಕರಗಿಸುತ್ತದೆ. ಮೇಕೆ ಒಳ್ಳೆಯದನ್ನು ಆರಿಸಿ ಬೇಗ ಕಳಿಸುತ್ತದೆ. ಐದರಲ್ಲಿ ಒಂದು ಪಾಲು ಉಳಿಯುವ ಹಾಗೆ ಹಾಕಬೇಕು. ಉಳಿದದ್ದನ್ನು ದನಕ್ಕೆ ಹಾಕಿ, ಇಲ್ಲ ಅಂದರೆ ಕಾಲಡಿಗೆ ಹರಡಿ, ಗೊಬ್ಬರ ಆಗುತ್ತದೆ. ಗೋದಲಿ ಖಾಲಿ ಅಂದರೆ ಹೆಮ್ಮೆ ಪಡುವ ವಿಷಯ ಅಲ್ಲ.

ಲೆಕ್ಕಾಚಾರಿ:
ಐದರಲ್ಲಿ ಒಂದು ಪಾಲು ನಷ್ಟ ಅಂದರೆ ಜಾಸ್ತಿಯಲ್ವಾ ಅಜ್ಜ?

ಹಳೇಕೋಲು:
ತಿಂಗಳಿಡೀ ತೂಕ ಏರದೆ ನಿಂತದ್ದರ ಲೆಕ್ಕ ಮೊದಲು ಹಾಕಪ್ಪ.

ಹನ್ನೆರಡುಮರಿ:
ಮಧ್ಯದ ದಾರಿ ಇದೆ. ಮೇವು ಕತ್ತರಿಸುವ ಯಂತ್ರದಲ್ಲಿ ಎರಡು ಬೆರಳು, ಮೂರು ಬೆರಳು ಅಗಲಕ್ಕೆ ಕತ್ತರಿಸಿ. ತುಳಿಯುವುದು ಕಮ್ಮಿ, ಮೆಲುಕಿಗೂ ಸಾಕಷ್ಟು ಉದ್ದ. ಗೋದಲಿಯನ್ನು ಮರಿಗಳ ಎದೆಮಟ್ಟಕ್ಕೆ ಎತ್ತರಿಸಿ. ನೆಲಕ್ಕೆ ಬಿದ್ದದ್ದನ್ನು ಮೇಕೆ ಮೂಸುವುದಿಲ್ಲ. ಹೂ ಬಿಡುವ ಮುಂಚೆ ಕೊಯ್ದ ಮೇವಾದರೆ ಕಡ್ಡಿಯನ್ನೂ ಬಿಡಲ್ಲ, ತಿನ್ನುತ್ತವೆ.

ಸುಮ್ನೆಓದುವವ:
ಒಂದು ಅನುಮಾನ. ಹಾಗಾದರೆ ಹುಟ್ಟಿದ ಮರಿಗೆ ಮೊದಲಿನಿಂದಲೇ ಬರೀ ಹುಲ್ಲು ರೂಢಿ ಮಾಡಿಸಿದರೆ ಹೊಟ್ಟೆ ದೊಡ್ಡದಾಗಿ ಬೆಳೆಯುತ್ತದಾ?

ಹಳೇಕೋಲು:
ಹೌದು, ಹುಲ್ಲೇ ಹೊಟ್ಟೆ ಬೆಳೆಸುವುದು.

ಪಶುವೈದ್ಯೆ_ರಾತ್ರಿಪಾಳಿ:
ಇಲ್ಲಿ ಅಜ್ಜನ ಮಾತು ಅರ್ಧ ಸರಿ. ಹುಟ್ಟಿದಾಗ ನಾಲ್ಕನೆಯ ಹೊಟ್ಟೆಯೇ ದೊಡ್ಡದು. ಹಾಲು ಚೀಪಿದಾಗ ಅನ್ನನಾಳದ ಕೊನೆಯಲ್ಲಿ ಒಂದು ಕಾಲುವೆ ಮುಚ್ಚಿಕೊಂಡು ಹಾಲು ನೇರ ಅಲ್ಲಿಗೇ ಹೋಗುತ್ತದೆ. ರೂಮೆನ್ ಆಗ ಸಣ್ಣ, ತೆಳ್ಳಗಿನ ಚೀಲ. ಬೆಳೆದ ಮೇಲೆ ಅದೇ ಒಟ್ಟು ಹೊಟ್ಟೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಆಗುತ್ತದೆ.

ಆ ಚೀಲ ಹಿಗ್ಗಲು, ಅದರ ಸ್ನಾಯು ಗಟ್ಟಿಯಾಗಲು ಹುಲ್ಲಿನ ಗಾತ್ರ ಬೇಕು. ಒಳಗೋಡೆಯಲ್ಲಿ ನಾಲಿಗೆಯಂಥ ಸಣ್ಣ ಸಣ್ಣ ಮೊಳೆಗಳಿರುತ್ತವೆ, ಅವೇ ಸಾರ ಹೀರುವುದು. ಅವು ಬೆಳೆಯಲು ಮುಖ್ಯವಾಗಿ ಬ್ಯುಟಿರಿಕ್ ಆಮ್ಲ ಬೇಕು. ಅದು ಕಾಳು ಹುಳಿತಾಗ ಜಾಸ್ತಿ ಸಿಗುತ್ತದೆ. ಬರೀ ಹುಲ್ಲು ಕೊಟ್ಟರೆ ಚೀಲ ದೊಡ್ಡದು, ಗೋಡೆ ಬೋಳು. ಬರೀ ಕಾಳು ಕೊಟ್ಟರೆ ಮೊಳೆಗಳು ಒತ್ತಾಗಿ ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ, ಸ್ನಾಯುವೂ ಬೆಳೆಯಲ್ಲ. ಎರಡನೇ ವಾರದಿಂದ ಎರಡನ್ನೂ ಚೂರು ಚೂರು ಮುಂದೆ ಇಡಿ. ಹುಲ್ಲು ಮೆತ್ತಗಿರಲಿ, ಎಲೆ ಜಾಸ್ತಿ ಇರಲಿ.

ಹಳೇಕೋಲು:
ಮೊಳೆ ವಿಷಯ ಗೊತ್ತಿರಲಿಲ್ಲ. ನಲವತ್ತು ವರ್ಷದಿಂದ ಕೊಯ್ದ ಮೇಕೆಯ ಹೊಟ್ಟೆ ತೊಳೆಯುವಾಗ ನೋಡಿದ್ದೇನೆ, ಅದು ಏಕೆ ಇದೆ ಅಂತ ಯೋಚಿಸಿರಲಿಲ್ಲ.

ಉಂಡೆಮೇವು:
ಒಂದು ಮಾತು ಹೇಳಿ ಸುಮ್ಮನಾಗುತ್ತೇನೆ. ಎಲ್ಲ ನಾರೂ ಉದ್ದ ಇರಲೇಬೇಕು ಅಂತಿಲ್ಲ. ಸೋಯಾ ಸಿಪ್ಪೆಯಲ್ಲಿ ಎನ್‌ಡಿಎಫ್ ಶೇ. 60ಕ್ಕಿಂತ ಜಾಸ್ತಿ, ಲಿಗ್ನಿನ್ ತೀರಾ ಕಮ್ಮಿ. ಚೆನ್ನಾಗಿ ಕರಗುತ್ತದೆ. ಮೆಕ್ಕೆಜೋಳದ ಬದಲು ಸ್ವಲ್ಪ ಅದನ್ನು ಹಾಕಿದರೆ ಹುಳಿಯೂ ಕಮ್ಮಿ, ಶಕ್ತಿಯೂ ಸಿಗುತ್ತದೆ.

ಪಶುವೈದ್ಯೆ_ರಾತ್ರಿಪಾಳಿ:
ಇದು ಪೂರ್ತಿ ಸರಿ. ಕಾಳಿನ ಬದಲಿಗೆ ಅದು. ಉದ್ದ ಮೇವಿನ ಬದಲಿಗೆ ಅಲ್ಲ.

ಉಂಡೆಮೇವು:
ಒಂದಾದರೂ ಗೆದ್ದೆ.

ಹೊಸಹಟ್ಟಿ:
ಹದಿನೆಂಟು ದಿನ ಆಯಿತು, ಸುದ್ದಿ ಹೇಳಬೇಕಲ್ಲ. ಕೈತಿಂಡಿ ಇಳಿಸಿದೆ, ಮೇವು ಮೂರು ಬೆರಳು ಉದ್ದ. ಐದನೇ ದಿನದಿಂದ ಮಧ್ಯಾಹ್ನ ಮಲಗಿ ಮೆಲುಕು ಹಾಕಲು ಶುರು ಮಾಡಿದವು. ನಾಲ್ಕರಲ್ಲಿ ಮೂರರ ಹಿಕ್ಕೆ ಈಗ ಕಾಳು ಕಾಳು. ತೂಕ ಈ ವಾರ ಸ್ವಲ್ಪ ಅಲುಗಾಡಿದೆ.

ನಾಲ್ಕನೆಯದು ಹಾಗೇ ಇತ್ತು. ಹಿಕ್ಕೆ ಪರೀಕ್ಷೆಯಲ್ಲಿ ಕಾಕ್ಸಿಡಿಯಾ ತುಂಬ ಇದೆ ಅಂತ ಬಂತು. ಔಷಧ ನಡೆಯುತ್ತಿದೆ. ಪರೀಕ್ಷೆ ಮಾಡಿಸದೆ ಇದ್ದಿದ್ದರೆ ಅದಕ್ಕೂ ಇನ್ನಷ್ಟು ಹುಲ್ಲು ಹಾಕುತ್ತಾ ಕೂತಿರುತ್ತಿದ್ದೆ.

ಪಶುವೈದ್ಯೆ_ರಾತ್ರಿಪಾಳಿ:
ಮಿಕ್ಕ ಎಂಟರ ಹಿಕ್ಕೆಯನ್ನೂ ಒಮ್ಮೆ ಕೊಡಿ. ಒಂದೇ ಕೊಟ್ಟಿಗೆ ತಾನೇ? ನೆಲ ಒಣಗಿರಲಿ.

ಹೊಸಹಟ್ಟಿ:
ನಾಳೆ ಕೊಡುತ್ತೇನೆ ಮೇಡಂ. ಯಂತ್ರ ಯಾರಿಗಾದರೂ ಬೇಕಾ? ಒಂದೇ ತಿಂಗಳು ಬಳಸಿದ್ದು.

ಹೋತದಗಡ್ಡ:
ಅದರ ಪೆಟ್ಟಿಗೆಯ ರಟ್ಟು ಇದ್ದರೆ ಕಳಿಸಿ. ನನ್ನ ಹೋತ ಕೇಳುತ್ತಿದೆ.